ನಾರು ಸಾಲುಗೂಡುವುದು ಹೆಪ್ಪುಗಟ್ಟುವ ಹೊತ್ತಿನಲ್ಲಿ ಮಾತ್ರ

ಸಂಪಾದಕರಿಗೆ,

ಮಾನ್ಯರೇ,

ಪ್ರಯೋಗಾಲಯದಲ್ಲಿ ಕಟ್ಟುವ ಅಂಗಾಂಶಗಳಲ್ಲಿ ನಾರುಗಳನ್ನು ಕಾಂತಕ್ಷೇತ್ರದ ನೆರವಿನಿಂದ ಒಂದೇ ದಿಕ್ಕಿಗೆ ಸಾಲುಗೂಡಿಸುವ ಕೆಲಸದ ಬಗ್ಗೆ ಕನ್ನಡದಲ್ಲೂ ಈಗ ಆಗಾಗ ಬರಹಗಳು ಬರುತ್ತಿವೆ. ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಬಹುಪಾಲು ‘ಅಯಸ್ಕಾಂತ ಇಟ್ಟರು, ಜೀವಕೋಶಗಳು ಸಾಲಾಗಿ ನಿಂತವು’ ಎನ್ನುವಲ್ಲಿಗೆ ಮುಗಿದುಬಿಡುತ್ತವೆ. ಇದನ್ನೇ ಹಿಡಿದುಕೊಂಡು ಕಾಂತದ ಹಾಸಿಗೆ, ಕಾಂತದ ಬಳೆ ಮಾರುವವರು ನರ ಚಿಗುರಿಸುವ ಮಾತಾಡುತ್ತಾರೆ. ಇನ್ನೊಂದು ಕಡೆ, ಜೈವಿಕ ತಂತ್ರಜ್ಞಾನದ ವಿದ್ಯಾರ್ಥಿಗಳು ಆನ್‌ಲೈನಿನಲ್ಲಿ ತರಿಸಿದ ಅಯಸ್ಕಾಂತವನ್ನು ಪೆಟ್ರಿ ತಟ್ಟೆಯ ಅಡಿಯಲ್ಲಿಟ್ಟು, ಏನೂ ಆಗಲಿಲ್ಲವೆಂದು ಪ್ರಾಜೆಕ್ಟ್ ಕೈಬಿಡುತ್ತಾರೆ. ಎರಡಕ್ಕೂ ಕಾರಣ, ಹೇಳಲೇಬೇಕಾದ ಒಂದು ಸಂಗತಿ ಬಿಟ್ಟುಹೋಗಿರುವುದು: ಕಾಂತಕ್ಷೇತ್ರಕ್ಕೆ ನಾರಿನ ಮೇಲೆ ಹಿಡಿತ ಇರುವುದು ನಾರು ಹುಟ್ಟಿ ಬೆಳೆಯುತ್ತಿರುವ ಕೆಲವೇ ನಿಮಿಷಗಳಲ್ಲಿ. ಆಮೇಲೆ ಇಲ್ಲ. ಈ ಕೆಲಸದಲ್ಲೇ ತೊಡಗಿರುವ ನಾವು ಅದನ್ನು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ವಿಷಯ ಅಷ್ಟನ್ನು ಬೇಡುತ್ತದೆ.

ಮೊದಲಿಗೆ, ದಿಕ್ಕು ಯಾಕೆ ಬೇಕು? ನಮ್ಮ ದೇಹದಲ್ಲಿ ಹೇರಳವಾಗಿರುವ ನಾರು ಕೊಲಾಜೆನ್. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನಲ್ಲಿ ಅದು ಎಳೆತದ ದಿಕ್ಕಿಗೇ ಓಡುತ್ತದೆ. ಅಪಧಮನಿಯ ನಡುಪದರದಲ್ಲಿ ಸುತ್ತಲೂ ಸುತ್ತಿಕೊಂಡಿರುತ್ತದೆ, ಇಲ್ಲದಿದ್ದರೆ ರಕ್ತದ ಒತ್ತಡಕ್ಕೆ ಗೋಡೆ ಉಬ್ಬಿಬಿಡುತ್ತದೆ. ಹೃದಯದ ಗೋಡೆಯಲ್ಲಿ ಸ್ನಾಯು ನಾರಿನ ಕೋನ ಒಳಮೈಯಿಂದ ಹೊರಮೈಗೆ ಬರುವಷ್ಟರಲ್ಲಿ ಸುಮಾರು 120 ಡಿಗ್ರಿ ತಿರುಗಿರುತ್ತದೆ. ಕಣ್ಣಿನ ಕಾರ್ನಿಯಾ ಇನ್ನೂ ನಾಜೂಕು. ಅರ್ಧ ಮಿಲಿಮೀಟರ್ ದಪ್ಪದ ಆ ಪಾರದರ್ಶಕ ಪೊರೆಯಲ್ಲಿ 200ಕ್ಕೂ ಹೆಚ್ಚು ಪದರಗಳಿವೆ. ಒಂದು ಪದರದೊಳಗೆ ನಾರುಗಳೆಲ್ಲ ಸಮಾನಾಂತರ, ಮುಂದಿನ ಪದರದಲ್ಲಿ ಅದಕ್ಕೆ ಅಡ್ಡ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಕನ್ನಡಿಗರಿಗೆಲ್ಲ ನೆನಪಿದೆ. ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬಿಡಿಸಿ ಇಬ್ಬರಿಗೆ ಹಾಕಲು ಬೆಂಗಳೂರಿನ ವೈದ್ಯರಿಗೆ ಸಾಧ್ಯವಾದದ್ದು ಅದು ಪದರಪದರವಾಗಿ ಇರುವುದರಿಂದಲೇ. ಇಂಥ ರಚನೆಯನ್ನು ಕೈಯಿಂದ ಕಟ್ಟಬೇಕೆಂದರೆ ಎಳೆಗಳನ್ನು ಒಂದು ದಿಕ್ಕಿಗೆ ತರುವ ಉಪಾಯ ಬೇಕೇ ಬೇಕು. ಸುಮ್ಮನೆ ಅಚ್ಚಿಗೆ ಸುರಿದ ಕೊಲಾಜೆನ್ ಜೆಲ್ಲಿನಲ್ಲಿ (ದ್ರಾವಣ ಹೆಪ್ಪುಗಟ್ಟಿ ಆದ ಮೆತ್ತನೆಯ ಗಡ್ಡೆಯಲ್ಲಿ) ನಾರು ಎಲ್ಲ ದಿಕ್ಕಿಗೂ ಕೆದರಿಕೊಂಡಿರುತ್ತದೆ.

ಕೊಲಾಜೆನ್ನಿನಲ್ಲಿ ಕಬ್ಬಿಣವಿಲ್ಲ. ಆದರೂ ಅದು ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ. ಪ್ರೋಟೀನಿನ ಕೊಂಡಿಗಳನ್ನು ಒಂದಕ್ಕೊಂದು ಬೆಸೆಯುವ ಪೆಪ್ಟೈಡ್ ಬಂಧ ಚಪ್ಪಟೆಯಾಗಿದ್ದು, ಅದರ ಕಾಂತಗುಣ ಒಂದೊಂದು ದಿಕ್ಕಿನಲ್ಲಿ ಒಂದೊಂದು ಬಗೆ. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1979ರಲ್ಲಿ ಇದರ ಲೆಕ್ಕ ಕೊಟ್ಟರು. ಕೊಲಾಜೆನ್ನಿನ ಮೂರೆಳೆಯ ಹುರಿಯಲ್ಲಿ ಈ ಬಂಧಗಳು ಒಂದು ಕ್ರಮದಲ್ಲಿ ಜೋಡಿಸಿಕೊಂಡಿರುವುದರಿಂದ ಇಡೀ ಅಣು ಕ್ಷೇತ್ರಕ್ಕೆ ಅಡ್ಡವಾಗಿ ನಿಲ್ಲಲು ನೋಡುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಇದಕ್ಕೆ ವಿರುದ್ಧ. ಅದು ಕ್ಷೇತ್ರದ ಗುಂಟವೇ ನಿಲ್ಲುತ್ತದೆ. ಜಿಮ್ ಟಾರ್ಬೆಟ್ ಮತ್ತು ಸಂಗಡಿಗರು ಫೈಬ್ರಿನ್ ಕುರಿತು 1981ರಲ್ಲಿ, ಕೊಲಾಜೆನ್ ಕುರಿತು 1984ರಲ್ಲಿ ಇದನ್ನು ತೋರಿಸಿದರು. ಅಂದರೆ ವಿಚಾರ ಹೊಸದೇನಲ್ಲ, 40 ವರ್ಷಕ್ಕೂ ಹಳೆಯದು.

ಇನ್ನು ಬಲದ ಲೆಕ್ಕ. ಸುಮಾರು 300 ನ್ಯಾನೊಮೀಟರ್ ಉದ್ದದ ಒಂದು ಕೊಲಾಜೆನ್ ಅಣುವನ್ನು 7 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆಮಾನ) ಕ್ಷೇತ್ರದಲ್ಲಿ ಇಟ್ಟರೂ ಅದನ್ನು ತಿರುಗಿಸುವ ಶಕ್ತಿ, ದೇಹದ ಬಿಸಿಯಲ್ಲಿ ಅಣುಗಳು ಅಲ್ಲಾಡುವ ಶಕ್ತಿಯ ಸುಮಾರು ಸಾವಿರದಲ್ಲಿ ಒಂದು ಪಾಲು. ಒಂಟಿ ಅಣು ಕ್ಷೇತ್ರಕ್ಕೆ ಜಗ್ಗುವುದಿಲ್ಲ. ಸಾವಿರಾರು ಅಣುಗಳು ಒಂದಕ್ಕೊಂದು ಅಂಟಿ ಎಳೆಯ ಕುಡಿಯಾದಾಗ ಆ ಚೂರುಚೂರು ಬಲವೆಲ್ಲ ಕೂಡಿ ಕುಡಿ ತಿರುಗುತ್ತದೆ. ಕುಡಿ ಇನ್ನೂ ಬೆಳೆದು ಪಕ್ಕದ ಎಳೆಗಳ ಜೊತೆ ಹೆಣೆದುಕೊಂಡ ಮೇಲೆ ತಿರುಗಲು ಜಾಗವೇ ಇರುವುದಿಲ್ಲ. ಹಾಲು ಮೊಸರಾದ ಮೇಲೆ ಪಾತ್ರೆಯನ್ನು ಎತ್ತ ತಿರುಗಿಸಿದರೂ ಗಡ್ಡೆಯ ಒಳಗಿನ ಕಟ್ಟು ಬದಲಾಗುವುದಿಲ್ಲವಲ್ಲ, ಇದೂ ಹಾಗೆಯೇ. ಅಣು ತೀರ ಚಿಕ್ಕದಿದ್ದಾಗ ಆಗದು, ಜೆಲ್ ಕಟ್ಟಿಕೊಂಡ ಮೇಲೂ ಆಗದು. ನಡುವಿನ ಹೊತ್ತೇ ಎಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗೆ 1.5 ಅಥವಾ 3 ಟೆಸ್ಲಾದಲ್ಲಿ ಅರ್ಧ ಗಂಟೆ ಮಲಗಿ ಬಂದವರ ಸ್ನಾಯುರಜ್ಜು, ಕಾರ್ನಿಯಾ ಇದ್ದ ಹಾಗೇ ಇರುವುದೂ ಇದಕ್ಕೇ. ಕಟ್ಟಿಕೊಂಡ ಅಂಗಾಂಶದ ನಾರನ್ನು ಎಂಆರ್‌ಐ ತಿರುಗಿಸಲಾರದು ಎಂದಾದರೆ ಕೈಬಳೆಯಲ್ಲಿರುವ ಬಿಲ್ಲೆ ತಿರುಗಿಸುತ್ತದೆಯೇ? ಇಂಥ ಜಾಹೀರಾತು ಕಂಡಾಗ ಓದುಗರು ಈ ಒಂದು ಪ್ರಶ್ನೆ ಕೇಳಿದರೆ ಸಾಕು.

ತಿರುಗಿಸುವ ಶಕ್ತಿ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎನ್ನುವುದೂ ಮುಖ್ಯ. ಒಳ್ಳೆಯ ನಿಯೋಡಿಮಿಯಂ ಅಯಸ್ಕಾಂತದ ಜೋಡಿಯ ನಡುವೆ ಅರ್ಧ ಟೆಸ್ಲಾ ಸಿಕ್ಕಿತು ಎನ್ನೋಣ. 7 ಟೆಸ್ಲಾ ಅದರ 14 ಪಟ್ಟು. ಆದರೆ ತಿರುಗಿಸುವ ಶಕ್ತಿಯಲ್ಲಿ ವ್ಯತ್ಯಾಸ 196 ಪಟ್ಟು. ಆದ್ದರಿಂದ ಏನೂ ಬೆರೆಸದ ಕೊಲಾಜೆನ್ನನ್ನು ಅಂಗಡಿಯ ಅಯಸ್ಕಾಂತದಿಂದ ಸಾಲುಗೂಡಿಸುವ ಆಸೆ ಬಿಡಬೇಕು. ಅದಕ್ಕೆ ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಯುವ ತಂತಿಯ) ಅಯಸ್ಕಾಂತವೇ ಬೇಕು. ಅದು ಎಲ್ಲಿದೆ ಎಂದರೆ, ರಸಾಯನಶಾಸ್ತ್ರ ವಿಭಾಗದಲ್ಲಿ ಅಣುಗಳ ರಚನೆ ತಿಳಿಯಲು ಬಳಸುವ ಎನ್‌ಎಂಆರ್ ಯಂತ್ರದಲ್ಲಿ. 300 ಮೆಗಾಹರ್ಟ್ಸ್ ಎಂದು ಕರೆಯುವ ಯಂತ್ರದ ಕ್ಷೇತ್ರ 7 ಟೆಸ್ಲಾ, 400 ಮೆಗಾಹರ್ಟ್ಸಿನದು 9.4 ಟೆಸ್ಲಾ. ಮಾದರಿಯ ಉಷ್ಣತೆಯನ್ನು ಗಾಳಿ ಊದಿ ಹಿಡಿದಿಡುವ ವ್ಯವಸ್ಥೆಯೂ ಅದರಲ್ಲಿ ಇರುತ್ತದೆ. ಹೊಸ ಉಪಕರಣ ಕೊಳ್ಳುವ ಮೊದಲು ಪಕ್ಕದ ಕಟ್ಟಡವನ್ನು ನೋಡುವುದು ಒಳ್ಳೆಯದು.

ಮಿಶ್ರಣ ಮಾಡುವ ಬಗೆಯನ್ನು ಅಳತೆ ಸಮೇತ ಕೊಡುತ್ತೇವೆ. ಇಲಿಯ ಬಾಲದಿಂದ ತೆಗೆದ ಒಂದನೇ ಬಗೆಯ ಕೊಲಾಜೆನ್, 0.02 ನಾರ್ಮಲ್ ಅಸಿಟಿಕ್ ಆಮ್ಲದಲ್ಲಿ ಪ್ರತಿ ಮಿ.ಲೀ.ಗೆ 4 ಮಿ.ಗ್ರಾಂ. ಇರುವಂಥದ್ದು, ಸಿದ್ಧವಾಗಿಯೇ ಸಿಗುತ್ತದೆ. ಪ್ರತಿ ಮಿ.ಲೀ.ಗೆ 2 ಮಿ.ಗ್ರಾಂ. ಇರುವ 1 ಮಿ.ಲೀ. ಜೆಲ್ ಬೇಕಿದ್ದರೆ, ಮಂಜುಗಡ್ಡೆಯಲ್ಲಿ ಇಟ್ಟ ನಳಿಕೆಗೆ ಮೊದಲು 10 ಪಟ್ಟು ಗಾಢವಾದ ಫಾಸ್ಫೇಟ್ ಲವಣ ದ್ರಾವಣ 100 ಮೈಕ್ರೊಲೀಟರ್, 1 ಮೋಲಾರ್ ಹೆಪಿಸ್ ಬಫರ್ (ಪಿಎಚ್ ಹಿಡಿದಿಡುವ ದ್ರಾವಣ) 25, ಶುದ್ಧ ನೀರು 363.5, ಕೊನೆಗೆ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 11.5 ಮೈಕ್ರೊಲೀಟರ್ ಹಾಕಿ ಕಲಸಬೇಕು. ಅದಾದ ಮೇಲೆ ತಣ್ಣಗಿನ ಕೊಲಾಜೆನ್ 500 ಮೈಕ್ರೊಲೀಟರ್. ಕ್ಷಾರದ ಲೆಕ್ಕ ಸುಲಭ: ಕೊಲಾಜೆನ್ನಿನ ಪರಿಮಾಣವನ್ನು 0.023ರಿಂದ ಗುಣಿಸಿ. ಈ ಅನುಕ್ರಮ ತಪ್ಪಿಸಿ ಕೊಲಾಜೆನ್ನಿನ ಮೇಲೆಯೇ ಕ್ಷಾರ ಬಿಟ್ಟರೆ, ತೊಟ್ಟು ಬಿದ್ದ ಜಾಗದಲ್ಲಿ ಬಿಳಿ ಗಂಟು ಕಟ್ಟುತ್ತದೆ. ಎಷ್ಟು ಕಲಸಿದರೂ ಆ ಗಂಟು ಕರಗುವುದಿಲ್ಲ, ಆಮೇಲೆ ನಾರು ಬೆಳೆಯುವುದೂ ಅದರ ಸುತ್ತಲೇ. ಪಿಎಚ್ 7.2ರಿಂದ 7.4ರ ನಡುವೆ ಇದೆಯೇ ಎಂದು ಕಾಗದದ ಪಟ್ಟಿಯಲ್ಲಿ ನೋಡಿಕೊಳ್ಳಿ. ಪಿಪೆಟ್ಟಿನಿಂದ ಕಲಸುವಾಗ ಗುಳ್ಳೆ ಎಬ್ಬಿಸಬಾರದು. ಎದ್ದರೆ 4 ಡಿಗ್ರಿಯಲ್ಲಿ ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ.

ಜೀವಕೋಶ ಸೇರಿಸುವುದಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. 5 ಲಕ್ಷ ಕೋಶಗಳಿರುವ ಮಾಧ್ಯಮ (ಕೋಶ ಬೆಳೆಸುವ ಪೋಷಕ ದ್ರವ) 100 ಮೈಕ್ರೊಲೀಟರ್ ಹಾಕಿದಾಗ ಅದರಲ್ಲೇ ಲವಣ ಇರುವುದರಿಂದ ಗಾಢ ದ್ರಾವಣವನ್ನು 90ಕ್ಕೆ, ನೀರನ್ನು 273.5ಕ್ಕೆ ಇಳಿಸಬೇಕು. ಇಳಿಸದಿದ್ದರೆ ಉಪ್ಪು ಹೆಚ್ಚಾಗಿ ಕೋಶಗಳು ಮುದುಡುತ್ತವೆ. ಕೋಶಗಳನ್ನು ಹಾಕುವುದು ಕೊಲಾಜೆನ್ ಬೆರೆತ ಮೇಲೆಯೇ. ಬರೀ ಕ್ಷಾರ ಇರುವ ನಳಿಕೆಗೆ ಬಿಟ್ಟರೆ ಸತ್ತುಹೋಗುತ್ತವೆ. ಹೆಪಿಸ್ ಯಾಕೆಂದರೆ, ಎನ್‌ಎಂಆರ್ ಯಂತ್ರದೊಳಗೆ ಇಂಗಾಲದ ಡೈಆಕ್ಸೈಡ್ ಹಿಡಿದಿಡುವ ವ್ಯವಸ್ಥೆ ಇಲ್ಲ. ಬೈಕಾರ್ಬೊನೇಟನ್ನೇ ನಂಬಿದ ಮಾಧ್ಯಮ ಅಲ್ಲಿ ಒಂದು ಗಂಟೆ ಇದ್ದರೆ ಕ್ಷಾರೀಯವಾಗಿ ಅದರಲ್ಲಿರುವ ಪಿಎಚ್ ಸೂಚಕ ಬಣ್ಣ ಫೀನಾಲ್ ರೆಡ್ ನೇರಳೆಗೆ ತಿರುಗುತ್ತದೆ. ಆಗ ಕೋಶ ಸತ್ತರೆ ತಪ್ಪು ಅಯಸ್ಕಾಂತದ ತಲೆಗೆ ಬರುತ್ತದೆ.

5 ಮಿ.ಮೀ.ನ ಎನ್‌ಎಂಆರ್ ನಳಿಕೆಯ ಒಳವ್ಯಾಸ ಸುಮಾರು 4.2 ಮಿ.ಮೀ.; 20 ಮಿ.ಮೀ. ಎತ್ತರ ತುಂಬಲು 0.28 ಮಿ.ಲೀ. ಸಾಕು. ಗಾಜಿನಿಂದ ಜೆಲ್ಲನ್ನು ಇಡಿಯಾಗಿ ಹೊರತೆಗೆಯುವುದು ಕಷ್ಟ, ಹಾಗಾಗಿ ಒಳಗೆ ಸೀಳಿ ತೆಗೆಯಬಹುದಾದ ತೆಳು ಪ್ಲಾಸ್ಟಿಕ್ ಕೊಳವೆ ಇಳಿಸಿ ಅದರಲ್ಲಿ ತುಂಬಬೇಕು. ನಳಿಕೆ ತಣ್ಣಗಿರುವಾಗಲೇ ಯಂತ್ರದೊಳಗೆ ಇಳಿಯಬೇಕು, ಬಿಸಿ ಏರುವುದು ಕ್ಷೇತ್ರದ ಒಳಗೇ ಆಗಬೇಕು. ಹೊರಗೆ ಮೇಜಿನ ಮೇಲೆ ಐದು ನಿಮಿಷ ಕಳೆದರೂ ನಾರಿನ ಕುಡಿಗಳು ಅಡ್ಡಾದಿಡ್ಡಿಯಾಗಿ ಹುಟ್ಟಲು ಶುರುವಾಗುತ್ತವೆ. 37 ಡಿಗ್ರಿಗೆ ನೇರವಾಗಿ ಒಯ್ದರೆ ಜೆಲ್ ಬೇಗ ಕಟ್ಟುತ್ತದೆ, ಎಳೆ ತೆಳು, ತಿರುಗಲು ಸಿಗುವ ಹೊತ್ತೂ ಕಡಿಮೆ. 25–28 ಡಿಗ್ರಿಯಲ್ಲಿ ಕಟ್ಟಲು ಬಿಟ್ಟು ಕೊನೆಗೆ 37ಕ್ಕೆ ಏರಿಸಿದರೆ ಎಳೆ ದಪ್ಪಗೆ ಬಂದು ಸಾಲು ಚೆನ್ನಾಗಿ ಕೂಡುತ್ತದೆ. ಆದರೆ ತೀರ ನಿಧಾನವಾದರೆ ಕೋಶಗಳು ತಳಕ್ಕೆ ಇಳಿದು ಅಲ್ಲೇ ಗುಡ್ಡೆಯಾಗುತ್ತವೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆನ್ನುವುದನ್ನು ಮುಂಚೆಯೇ, ಅಯಸ್ಕಾಂತವಿಲ್ಲದೆ, ಸ್ಪೆಕ್ಟ್ರೊಫೋಟೊಮೀಟರಿನಲ್ಲಿ (ದ್ರವ ಎಷ್ಟು ಮಸುಕಾಯಿತೆಂದು ಬೆಳಕಿನಿಂದ ಅಳೆಯುವ ಉಪಕರಣದಲ್ಲಿ) ಕಂಡುಕೊಳ್ಳಬೇಕು. 400 ನ್ಯಾನೊಮೀಟರ್ ಬೆಳಕಿನಲ್ಲಿ ನಿಮಿಷಕ್ಕೊಮ್ಮೆ ಓದಿದರೆ ಮೊದಲು ಏನೂ ಬದಲಾಗದ ಅವಧಿ, ಆಮೇಲೆ ಸರ್ರನೆ ಏರಿಕೆ, ಕೊನೆಗೆ ಸಮತಟ್ಟು ಕಾಣುತ್ತದೆ. ಮಾದರಿ ಕ್ಷೇತ್ರದೊಳಗೆ ಇರಬೇಕಾದದ್ದು ಏರಿಕೆಗೆ ಮುಂಚಿನಿಂದ ಹಿಡಿದು ಸಮತಟ್ಟಾದ ಮೇಲೆ ಹತ್ತು ನಿಮಿಷದವರೆಗೆ. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟು ಲಾಭವಿಲ್ಲ. ನಳಿಕೆಯನ್ನು ಗಾಳಿಯ ಒತ್ತಡದಿಂದ ಮೇಲೆತ್ತುವ ಯಂತ್ರಗಳಲ್ಲಿ ಜೆಲ್ ಪೂರ್ತಿ ಕಟ್ಟುವ ಮುನ್ನ ಎತ್ತಿದರೆ ಆ ಕುಲುಕಿಗೇ ಎಲ್ಲ ಕೆಡುತ್ತದೆ.

ಇಲ್ಲಿ ಪುಸ್ತಕ ಓದಿದವರೂ ಎಡವುವ ಜಾಗವೊಂದಿದೆ. ಕೊಲಾಜೆನ್ ‘ಕ್ಷೇತ್ರಕ್ಕೆ ಅಡ್ಡ’ ನಿಲ್ಲುತ್ತದೆ ಎಂದರೆ ಒಂದು ದಿಕ್ಕು ಗೊತ್ತಾಯಿತು ಎಂದು ಅರ್ಥವಲ್ಲ. ಕ್ಷೇತ್ರ ಮೇಲಿನಿಂದ ಕೆಳಕ್ಕಿದ್ದರೆ ಅದಕ್ಕೆ ಅಡ್ಡವಾದ ಇಡೀ ಸಮತಲವೇ ಇದೆ. ನಾರು ಆ ಸಮತಲದೊಳಗೆ ಪೂರ್ವ–ಪಶ್ಚಿಮವೂ ಇರಬಹುದು, ಉತ್ತರ–ದಕ್ಷಿಣವೂ ಇರಬಹುದು. ಪಕ್ಕದಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಸಾಲಾಗಿ ಕಾಣುತ್ತದೆ. ಅದೇ ಮಾದರಿಯನ್ನು ಮೇಲಿನಿಂದ ನೋಡಿದರೆ ಕೆದರಿಕೊಂಡಿರುತ್ತದೆ. ಒಂದೇ ಮುಖದ ಚಿತ್ರ ತೋರಿಸಿ ‘ಶೇ 90 ಸಾಲುಗೂಡಿದೆ’ ಎನ್ನುವ ಪ್ರಾಜೆಕ್ಟ್ ವರದಿಗಳನ್ನು ಮಾರ್ಗದರ್ಶಕರು ಹಿಂದಕ್ಕೆ ಕಳಿಸಬೇಕು. ನಿಜಕ್ಕೂ ಒಂದೇ ದಿಕ್ಕು ಬೇಕಿದ್ದರೆ ದಾರಿಗಳಿವೆ. ಕ್ಷೇತ್ರಕ್ಕೆ ಅಡ್ಡವಾದ ಅಕ್ಷದ ಮೇಲೆ ಮಾದರಿಯನ್ನು ತಿರುಗಿಸುತ್ತಿದ್ದರೆ ಎಲ್ಲ ಸ್ಥಿತಿಯಲ್ಲೂ ಕ್ಷೇತ್ರಕ್ಕೆ ಅಡ್ಡವಾಗಿ ಉಳಿಯುವ ದಿಕ್ಕು ಆ ಅಕ್ಷವೊಂದೇ, ಆದ್ದರಿಂದ ನಾರು ಅದರ ಗುಂಟ ಬರುತ್ತದೆ. ಅಥವಾ ಕ್ಷೇತ್ರವನ್ನು ತೆಳು ಹಾಳೆಯ ಸಮತಲದಲ್ಲೇ ಕೊಟ್ಟು, ಜೆಲ್ ಕಟ್ಟಿದ ಮೇಲೆ ನೈಲಾನ್ ಜಾಲರಿಯ ಮೇಲೆ ಒತ್ತಿ ನೀರು ತೆಗೆಯಬೇಕು. ದಪ್ಪ ಕುಗ್ಗಿದಾಗ ನಿಂತ ನಾರುಗಳೂ ಹಾಳೆಯ ಸಮತಲಕ್ಕೆ ಮಲಗುತ್ತವೆ.

ಕೊಳವೆಯಾಕಾರದ ರಕ್ತನಾಳಕ್ಕಂತೂ ಈ ಗುಣವೇ ಅನುಕೂಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಟ್ರಾಂಕ್ವಿಲೊ ತಂಡ 1996ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕ್ಷೇತ್ರ ಕೊಳವೆಯ ಉದ್ದಕ್ಕಿತ್ತು. ನಾರು ಅಡ್ಡ ಸಮತಲಕ್ಕೆ ಬಂದು, ಒಳಗಿನ ಕಡ್ಡಿಯ ಸುತ್ತ ಕೋಶಗಳು ಜೆಲ್ಲನ್ನು ಬಿಗಿದುಕೊಂಡಾಗ ಸುತ್ತುವರಿದ ನಾರಾಯಿತು. ಅಪಧಮನಿಗೆ ಬೇಕಾದದ್ದು ಇದೇ. ಕಾರ್ನಿಯಾಕ್ಕೆ ಟಾರ್ಬೆಟ್ ತಂಡ 2007ರಲ್ಲಿ 7 ಟೆಸ್ಲಾದಲ್ಲಿ ಮಾಡಿದ್ದು ಇನ್ನೂ ಸೊಗಸು: ಒಂದು ಪದರ ಕ್ಷೇತ್ರದಲ್ಲಿ ಕಟ್ಟಿಕೊಂಡ ಮೇಲೆ ಮಾದರಿಯನ್ನು 90 ಡಿಗ್ರಿ ತಿರುಗಿಸಿ ಮುಂದಿನ ಪದರ ಸುರಿಯುವುದು. ಕೆಳಗಿನ ಪದರ ಆಗಲೇ ಕಟ್ಟಿರುವುದರಿಂದ ಅದರ ದಿಕ್ಕು ಹಾಗೇ ಉಳಿಯುತ್ತದೆ. ಹೆಪ್ಪುಗಟ್ಟಿದ ಮೇಲೆ ಕ್ಷೇತ್ರಕ್ಕೆ ಹಿಡಿತವಿಲ್ಲ ಎನ್ನುವ ಮಿತಿಯೇ ಇಲ್ಲಿ ಉಪಕರಣವಾಯಿತು.

ಎನ್‌ಎಂಆರ್ ಸಿಗದವರಿಗೆ ಎರಡನೇ ದಾರಿ, ಕಬ್ಬಿಣದ ಆಕ್ಸೈಡ್ ಇರುವ ಕಣಗಳನ್ನು ಬೆರೆಸುವುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗುವೊ ಮತ್ತು ಕಾಫ್‌ಮನ್ 2007ರಲ್ಲಿ ಕಾಂತಮಣಿಗಳಿಂದ ಇದನ್ನು ಸಣ್ಣ ಕ್ಷೇತ್ರದಲ್ಲೇ ಸಾಧಿಸಿದರು. ಮಣಿಗಳು ಕ್ಷೇತ್ರದ ಗುಂಟ ಒಂದಕ್ಕೊಂದು ಅಂಟಿ ಸರವಾಗುತ್ತವೆ, ಕೊಲಾಜೆನ್ ಎಳೆ ಆ ಚಲನೆಯ ಜೊತೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಿಕ್ಕು ಕ್ಷೇತ್ರದ ಗುಂಟ, ಅಡ್ಡವಲ್ಲ. ಎರಡು ವಿಧಾನದ ಫಲಿತಾಂಶ ಹೋಲಿಸುವವರು ಇದನ್ನು ಮರೆಯಬಾರದು. ಜರ್ಮನಿಯ ಆಖೆನ್‌ನಲ್ಲಿ ಲಾರಾ ದ ಲಾಪೋರ್ಟ್ ತಂಡ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುಮಾರು 50 ಮೈಕ್ರೊಮೀಟರ್ ಉದ್ದದ, ಕೆಲವೇ ಮೈಕ್ರೊಮೀಟರ್ ಅಗಲದ ಮೆತ್ತನೆಯ ಜೆಲ್ ಕಡ್ಡಿಗಳೊಳಗೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣ ಸೇರಿಸಿ, ಪರಿಮಾಣದಲ್ಲಿ ಶೇ 1ರ ಆಸುಪಾಸು ಬೆರೆಸಿದರೂ ನರಕೋಶಗಳು ಆ ದಿಕ್ಕನ್ನು ಹಿಡಿದು ಬೆಳೆದವು. ಇದಕ್ಕೆ ಬೇಕಾದದ್ದು ಮಿಲಿಟೆಸ್ಲಾ ಮಟ್ಟದ ಕ್ಷೇತ್ರ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 40 ಮೈಕ್ರೊಟೆಸ್ಲಾ. ಅದಕ್ಕೆ ಹೋಲಿಸಿದರೆ ಹೆಚ್ಚು, ಎಂಆರ್‌ಐಗೆ ಹೋಲಿಸಿದರೆ ತೀರ ಕಡಿಮೆ. ಸಿರಿಂಜಿನಿಂದ ಗಾಯದೊಳಕ್ಕೆ ಬಿಟ್ಟು, ಹೊರಗಿನಿಂದ ಕ್ಷೇತ್ರ ಕೊಟ್ಟು, ಅಲ್ಲೇ ಕಟ್ಟಿಸಬಹುದೆಂಬ ಆಸೆ ಹುಟ್ಟಿದ್ದು ಈ ಕಾರಣಕ್ಕೆ.

ಕಾಲೇಜು ಪ್ರಯೋಗಾಲಯದಲ್ಲಿ ಕಣದ ವಿಧಾನ ಕೈಕೊಡುವುದು ಹೆಚ್ಚಾಗಿ ಒಂದೇ ಅಯಸ್ಕಾಂತ ಬಳಸುವುದರಿಂದ. ಒಂಟಿ ಅಯಸ್ಕಾಂತದ ಕ್ಷೇತ್ರ ದೂರ ಹೋದಂತೆ ಇಳಿಯುತ್ತದೆ. ಇಳಿಯುವ ಕ್ಷೇತ್ರ ಕಣಗಳನ್ನು ತಿರುಗಿಸುವುದರ ಜೊತೆಗೆ ತನ್ನತ್ತ ಎಳೆಯುತ್ತದೆ. ಜೆಲ್ ಕಟ್ಟುವಷ್ಟರಲ್ಲಿ ಕಣಗಳೆಲ್ಲ ಒಂದು ಅಂಚಿನಲ್ಲಿ ಕಂದು ಗೆರೆಯಾಗಿ ಕೂತಿರುತ್ತವೆ, ಉಳಿದ ಜಾಗ ಖಾಲಿ. ಎರಡು ಅಯಸ್ಕಾಂತ ಬೇಕು, 50 × 50 × 20 ಮಿ.ಮೀ.ನ ನಿಯೋಡಿಮಿಯಂ ಬಿಲ್ಲೆಗಳಾದರೆ ಸಾಕು. ಒಂದರ ಉತ್ತರ ಧ್ರುವ ಇನ್ನೊಂದರ ದಕ್ಷಿಣಕ್ಕೆ ಎದುರಾಗುವಂತೆ, ಮೆದು ಕಬ್ಬಿಣದ ಚೌಕಟ್ಟಿನಲ್ಲಿ, 25 ಮಿ.ಮೀ. ಅಂತರದಲ್ಲಿ ಕೂರಿಸಬೇಕು. ಮಾದರಿ ಅಯಸ್ಕಾಂತದ ಮುಖದ ನಡು ಮೂರನೇ ಒಂದು ಭಾಗವನ್ನು ಮೀರಬಾರದು. ಕ್ಷೇತ್ರ ಎಷ್ಟಿದೆ ಎಂದು ಮಾರಾಟಗಾರರ ಚೀಟಿ ನೋಡಿ ಬರೆಯದೆ, ಹಾಲ್ ಪ್ರೋಬ್ ಇರುವ ಗಾಸ್‌ಮೀಟರಿನಿಂದ ಮಾದರಿ ಕೂರುವ ಜಾಗದ ನಡುವೆ, ನಾಲ್ಕು ಮೂಲೆ, ನಾಲ್ಕು ಅಂಚುಗಳಲ್ಲಿ ಅಳೆಯಬೇಕು. ಜೋಡಿಸುವಾಗ ಎಚ್ಚರ: ಈ ಅಳತೆಯ ಜೋಡಿಯ ನಡುವೆ ಅರ್ಧ ಟೆಸ್ಲಾ ಇದ್ದರೆ ಎಳೆತ ಸುಮಾರು 25 ಕೆ.ಜಿ. ಭಾರದಷ್ಟು, ಹತ್ತಿರವಾದಂತೆ ಇನ್ನೂ ಹೆಚ್ಚು. ಬೆರಳು ನಡುವೆ ಸಿಕ್ಕರೆ ಜಜ್ಜಿಹೋಗುತ್ತದೆ. ಮೊದಲು ಮರದ ತುಂಡು ಇಟ್ಟು, ಆಮೇಲೆ ಬೋಲ್ಟ್ ಬಿಗಿಯಿರಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಕೋಣೆಗೆ ಬರಬಾರದು.

ಕಣ ಎಷ್ಟು ಹಾಕಬೇಕು? ಮಿ.ಲೀ.ಗೆ 0.05, 0.1, 0.2 ಮಿ.ಗ್ರಾಂ. ಹೀಗೆ ಮೂರು ಹಂತ ಹೋಲಿಸಿ ನೋಡುವುದು ಲೇಸು. ಹೆಚ್ಚಾದರೆ ಸರಗಳು ಒಂದಕ್ಕೊಂದು ಕೂಡಿ ದಪ್ಪ ಹಗ್ಗವಾಗಿ ನಡುವೆ ಖಾಲಿ ಗಲ್ಲಿಗಳು ಉಳಿಯುತ್ತವೆ, ಕೊಲಾಜೆನ್ ಮಾತ್ರ ಸಾಲುಗೂಡಿರುವುದಿಲ್ಲ. ಚಿತ್ರದಲ್ಲಿ ಕಾಣುವ ಸಾಲು ಕಣದ್ದೋ ನಾರಿನದೋ ಎಂದು ಬೇರ್ಪಡಿಸಿ ನೋಡದ ವರದಿಗಳು ಬಹಳ. ಒಂದು ಮೈಕ್ರೊಮೀಟರಿನ ಮಣಿಗಳು ನೀರಿಗಿಂತ ಭಾರವಾದ್ದರಿಂದ ಬಾಟಲಿಯಲ್ಲೇ ತಳ ಸೇರಿರುತ್ತವೆ. ಪ್ರತಿ ಸಲ ಕಲಕಿ ತೆಗೆಯದಿದ್ದರೆ ಮೊದಲ ಮಾದರಿಗೂ ಕೊನೆಯದಕ್ಕೂ ಪ್ರಮಾಣವೇ ಬೇರೆಯಾಗುತ್ತದೆ.

ಹೋಲಿಕೆಯ ಮಾದರಿಯ ವಿಷಯದಲ್ಲಿ ಒಂದು ಮಾತು. ಅಯಸ್ಕಾಂತವಿಲ್ಲದ ಮಾದರಿಯನ್ನು ಇನ್‌ಕ್ಯುಬೇಟರಿನ ಬೇರೆ ತಟ್ಟಿನಲ್ಲಿ ಸುಮ್ಮನೆ ಇಟ್ಟರೆ ಹೋಲಿಕೆಯಾಗದು. ಭಾರವಾದ ತಣ್ಣನೆಯ ಲೋಹದ ಗಟ್ಟಿ ಪಕ್ಕದಲ್ಲಿದ್ದರೆ ಮಾದರಿ ನಿಧಾನ ಬಿಸಿಯಾಗುತ್ತದೆ, ನಿಧಾನ ಬಿಸಿಯಾದರೆ ಎಳೆ ದಪ್ಪವಾಗುತ್ತದೆ; ಆ ವ್ಯತ್ಯಾಸವನ್ನು ಕಾಂತಕ್ಷೇತ್ರದ ಪರಿಣಾಮವೆಂದು ಬರೆದುಬಿಡುತ್ತೇವೆ. ಅದೇ ಅಳತೆಯ ಹಿತ್ತಾಳೆಯ ಗಟ್ಟಿಗಳನ್ನು ಅದೇ ಅಂತರದಲ್ಲಿ ಕೂರಿಸಿ, ಎರಡನ್ನೂ ಒಂದೇ ಉಷ್ಣತೆಯಿಂದ ಶುರುಮಾಡಿ, ಒಂದೇ ನಳಿಕೆಯ ಮಿಶ್ರಣ ಹಂಚಬೇಕು. ಇನ್ನೂ ಒಂದಿದೆ. ಕೊಲಾಜೆನ್ನನ್ನು ಕಿರಿದಾದ ಅಚ್ಚಿಗೆ ಪಿಪೆಟ್ಟಿನಿಂದ ನೂಕಿದಾಗ ಹರಿವಿನ ಎಳೆತಕ್ಕೇ ನಾರು ಹರಿವಿನ ದಿಕ್ಕಿಗೆ ಒರಗುತ್ತದೆ. ತುಂಬುವ ದಿಕ್ಕು ಮತ್ತು ಕಾಂತಕ್ಷೇತ್ರ ಸಾಲುಗೂಡಿಸಬೇಕಾದ ದಿಕ್ಕು ಒಂದೇ ಆಗಿದ್ದರೆ ಏನನ್ನೂ ಸಾಬೀತು ಮಾಡಿದಂತಾಗಲಿಲ್ಲ. ಅರ್ಧ ಮಾದರಿಗಳನ್ನು ಅಡ್ಡಲಾಗಿ ತುಂಬಿ ನೋಡಿ. ಅಚ್ಚಿನ ಒಂದು ಬದಿ ಬೇಗ ಬಿಸಿಯಾದರೂ ಒಳಗೆ ದ್ರವ ಸುತ್ತತೊಡಗಿ ಇದೇ ಮೋಸ ಆಗುತ್ತದೆ. ಅಚ್ಚಿನ ಆಳವನ್ನು 1 ಮಿ.ಮೀ.ಗೆ ಇಳಿಸಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ.

ಸಾಲುಗೂಡಿದೆಯೇ ಎಂದು ನೋಡಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಎರಡು ಧ್ರುವಕ (ಪೋಲರೈಸರ್) ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ನಡುವೆ ಮಾದರಿಯನ್ನು ತಿರುಗಿಸಿ. ನಾರು ಸಾಲಾಗಿದ್ದರೆ ಹಾಳೆಯ ಅಕ್ಷಕ್ಕೆ 45 ಡಿಗ್ರಿಯಲ್ಲಿ ಬೆಳಗುತ್ತದೆ, 0 ಮತ್ತು 90ರಲ್ಲಿ ಕಪ್ಪಾಗುತ್ತದೆ. ಕೆದರಿದ್ದರೆ ಎಷ್ಟು ತಿರುಗಿಸಿದರೂ ಒಂದೇ ಹೊಳಪು. ಬಣ್ಣ ಹಾಕದ ತೆಳು ಜೆಲ್ಲಿನಲ್ಲಿ ಹೊಳಪು ಮಂದ. ಸಂತೃಪ್ತ ಪಿಕ್ರಿಕ್ ಆಮ್ಲದಲ್ಲಿ ಶೇ 0.1 ಸಿರಿಯಸ್ ರೆಡ್ ಬೆರೆಸಿ ಒಂದು ಗಂಟೆ ಅದ್ದಿದರೆ ಎದ್ದು ಕಾಣುತ್ತದೆ. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ, ಬಾಟಲಿಯ ಮುಚ್ಚಳದ ಸುತ್ತ ಹರಳು ಕಟ್ಟಲು ಬಿಡಬಾರದು. ಅಂಕಿಯಲ್ಲಿ ಹೇಳಬೇಕಿದ್ದರೆ ಕಾನ್ಫೋಕಲ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಇಮೇಜ್‌ಜೆ ತಂತ್ರಾಂಶಕ್ಕೆ ಕೊಟ್ಟು ಪ್ರತಿ ಎಳೆಯ ಕೋನ ಪಡೆದು, ಕೋನದ ಇಮ್ಮಡಿಯ ಕೊಸೈನ್ ಸರಾಸರಿ ತೆಗೆಯಬೇಕು. 0 ಎಂದರೆ ಕೆದರಿದೆ, 1 ಎಂದರೆ ಪೂರ್ತಿ ಸಾಲು. ಅಂಚಿನ ಚಿತ್ರಗಳನ್ನು ಬಿಡಿ, ಅಲ್ಲಿ ಅಚ್ಚಿನ ಗೋಡೆಯ ಪ್ರಭಾವ ಇರುತ್ತದೆ. ಎಣಿಸುವವರಿಗೆ ಯಾವುದು ಅಯಸ್ಕಾಂತದ ಮಾದರಿ ಎಂದು ತಿಳಿದಿರಬಾರದು.

ನಾರು ಸಾಲುಗೂಡಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಬೇರೆ ಹೋರಾಟ. ಫೈಬ್ರೊಬ್ಲಾಸ್ಟ್ ಕೋಶಗಳು (ದೇಹದಲ್ಲಿ ಕೊಲಾಜೆನ್ ತಯಾರಿಸುವ ಕೋಶಗಳು) ಜೆಲ್ಲನ್ನು ಎಳೆದೆಳೆದು ಕುಗ್ಗಿಸುತ್ತವೆ. ಜೆಲ್ ತೇಲುತ್ತಿದ್ದರೆ ಕೆಲವು ದಿನಗಳಲ್ಲಿ ಚಿಕ್ಕ ಬಿಲ್ಲೆಯಾಗಿ ದಿಕ್ಕೆಲ್ಲ ಅಳಿಸಿಹೋಗುತ್ತದೆ. ಸಾಲಿನ ಎರಡು ತುದಿಗಳನ್ನು ರಂಧ್ರವಿರುವ ಪಾಲಿಎಥಿಲೀನ್ ತುಂಡಿಗೋ ನೈಲಾನ್ ಜಾಲರಿಗೋ ಕಚ್ಚಿಸಿಟ್ಟರೆ ಅದೇ ಎಳೆತ ದಿಕ್ಕನ್ನು ಇನ್ನೂ ಗಟ್ಟಿ ಮಾಡುತ್ತದೆ. ಕೋಶಗಳು ನಾರಿನ ಗುಂಟವೇ ನಡೆಯುವುದರಿಂದ ನರಕ್ಕೆ ಇದು ಉಪಯುಕ್ತ. ಕಾಂತಕ್ಷೇತ್ರದಲ್ಲಿ ಸಾಲುಗೂಡಿಸಿದ ಕೊಲಾಜೆನ್ ತುಂಬಿದ ನಳಿಕೆಗಳನ್ನು ಇಲಿಗಳ ಕಾಲಿನ ಕತ್ತರಿಸಿದ ನರಕ್ಕೆ ಜೋಡಿಸಿ, ಕೆದರಿದ ಜೆಲ್ಲಿಗಿಂತ ಚೆನ್ನಾಗಿ ನರ ಬೆಳೆದದ್ದನ್ನು 1999ರಲ್ಲೇ ತೋರಿಸಲಾಗಿದೆ. ಅದು ಕೆಲವೇ ಮಿಲಿಮೀಟರಿನ ಅಂತರ. ಮನುಷ್ಯರ ಕೈಕಾಲಿನಲ್ಲಿ ಕೆಲವು ಸೆಂಟಿಮೀಟರ್ ದಾಟಬೇಕಾಗುತ್ತದೆ.

ಹಾಗಾಗಿ ಓದುಗರಿಗೆ ನೇರವಾಗಿ ಹೇಳಬೇಕಾದದ್ದು: ಇದು ಇಂದು ಯಾವುದೇ ಆಸ್ಪತ್ರೆಯಲ್ಲಿ ಹಣ ಕೊಟ್ಟು ಪಡೆಯುವ ಚಿಕಿತ್ಸೆಯಲ್ಲ. ಪದರಪದರವಾಗಿ ಕಟ್ಟಿದ ಕಾರ್ನಿಯಾ ಇನ್ನೂ ಪ್ರಯೋಗಾಲಯದಲ್ಲಿದೆ. ಕಾರ್ನಿಯಾ ಕೆಟ್ಟು ದೃಷ್ಟಿ ಕಳೆದುಕೊಂಡವರಿಗೆ ಇವತ್ತು ಬೇಕಾದದ್ದು ನೇತ್ರದಾನ. ಕಣದ ವಿಧಾನಕ್ಕೆ ಇನ್ನೊಂದು ಅಡ್ಡಿಯೂ ಇದೆ. ಬೆರೆಸಿದ ಕಬ್ಬಿಣ ದೇಹದೊಳಗೇ ಉಳಿಯುತ್ತದೆ, ನಿಧಾನವಾಗಿ ಕರಗುವಾಗ ಕೋಶಕ್ಕೆ ಹಾನಿಮಾಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸಬಲ್ಲದು, ಎಂಆರ್‌ಐ ಚಿತ್ರದಲ್ಲಿ ಆ ಜಾಗ ಕಪ್ಪು ಕಲೆಯಾಗುತ್ತದೆ. ಕಬ್ಬಿಣದ ಆಕ್ಸೈಡಿನ ಕಣಗಳನ್ನು ರಕ್ತಹೀನತೆಗೆ ಔಷಧಿಯಾಗಿ ಕೊಡುವುದುಂಟು, ಆದರೆ ರಕ್ತದಲ್ಲಿ ಹರಿದು ಯಕೃತ್ತು ಸೇರುವ ಕಬ್ಬಿಣಕ್ಕೂ ನರದ ಪಕ್ಕದಲ್ಲಿ ವರ್ಷಗಟ್ಟಲೆ ಕೂರುವ ಕಬ್ಬಿಣಕ್ಕೂ ವ್ಯತ್ಯಾಸವಿದೆ.

ನಮ್ಮ ಕೋರಿಕೆ ಎರಡು. ಈ ವಿಷಯದ ಸುದ್ದಿ ಬರೆಯುವವರು ನಾಲ್ಕು ವಿವರ ಕೇಳಿ ಬರೆಯಲಿ: ಕ್ಷೇತ್ರ ಎಷ್ಟು ಟೆಸ್ಲಾ, ಕಣ ಬೆರೆಸಿದ್ದರೇ, ಜೆಲ್ ಕಟ್ಟುವಾಗ ಕೊಟ್ಟರೇ ಆಮೇಲೆ ಕೊಟ್ಟರೇ, ಪ್ರಯೋಗ ಆಗಿದ್ದು ತಟ್ಟೆಯಲ್ಲೋ ಪ್ರಾಣಿಯಲ್ಲೋ ಮನುಷ್ಯರಲ್ಲೋ. ಕಾಂತದ ಹಾಸಿಗೆಯ ಜಾಹೀರಾತು ತರುವವರನ್ನು ಜಾಹೀರಾತು ವಿಭಾಗವೂ ಇದನ್ನೇ ಕೇಳಬಹುದು. ಎರಡನೆಯದು ವಿಶ್ವವಿದ್ಯಾಲಯಗಳಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್‌ಎಂಆರ್‌ಗೆಂದೇ ಸಂಶೋಧನಾ ಕೇಂದ್ರವಿದೆ, ರಾಜ್ಯದ ಬೇರೆ ಸಂಸ್ಥೆಗಳಲ್ಲೂ ಯಂತ್ರಗಳಿವೆ. ಕೊಲಾಜೆನ್ ಜೆಲ್ ಕಟ್ಟಲು ಯಂತ್ರದ ರೇಡಿಯೊ ಭಾಗ ಬೇಕಿಲ್ಲ, ಸ್ಪೆಕ್ಟ್ರಂ ಓದಬೇಕಿಲ್ಲ, ಬೇಕಾದದ್ದು ಉಷ್ಣತೆ ಹಿಡಿದಿಟ್ಟ ಒಂದು ಗಂಟೆ. ನಳಿಕೆಯ ಬಾಯಿಗೆ ಬಿಗಿ ಮುಚ್ಚಳ, ಒಡೆದರೆ ಯಾರು ಸ್ವಚ್ಛ ಮಾಡಬೇಕೆಂಬ ಲಿಖಿತ ಒಪ್ಪಂದ, ಮೊದಲ ತಿಂಗಳುಗಳಲ್ಲಿ ಜೀವಕೋಶವಿಲ್ಲದ ಜೆಲ್ ಮಾತ್ರ ಎಂಬ ಷರತ್ತು – ಇಷ್ಟು ಹಾಕಿ, ತಿಂಗಳಿಗೆ ಒಂದು ಸಂಜೆಯನ್ನು ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲಿ. ಅರ್ಜಿಯ ನಮೂನೆಯಲ್ಲಿ ‘ಸ್ಪೆಕ್ಟ್ರಂ ಬೇಕೇ’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಕ್ಷೇತ್ರ ಮಾತ್ರ ಸಾಕು’ ಎಂಬ ಇನ್ನೊಂದು ಚೌಕ ಸೇರಿಸಿದರೆ ಈ ಕೆಲಸ ಶುರುವಾಗುತ್ತದೆ.

– ಅಂಗಾಂಶ ಎಂಜಿನಿಯರಿಂಗ್‌ನಲ್ಲಿ ಕೆಲಸ ಮಾಡುವ ಇಬ್ಬರು ಓದುಗರು, ಬೆಂಗಳೂರು